ಪಾಮ್ ಗರಿ ಹಳದಿಯಾದರೆ ಮೊದಲು ಕತ್ತಿ ಕೆಳಗಿಡಿ

ಮಳೆ ಬಿಟ್ಟ ಕೂಡಲೇ ನನಗೆ ಒಂದೇ ತರದ ಪತ್ರಗಳು ಬರಲು ಶುರುವಾಗುತ್ತವೆ. ಜೊತೆಗೊಂದು ಫೋಟೊ. ಇಂಟರ್‌ಲಾಕ್ ಹಾಸಿದ ಅಂಗಳ, ಬಿಳಿ ಕಂಪೌಂಡ್, ಗೇಟಿನ ಎರಡೂ ಬದಿ ಒಂದೊಂದು ಪಾಮ್, ಎರಡರ ಕೆಳಗಿನ ಗರಿಗಳೂ ಹಳದಿ. ಕಳೆದ ವರ್ಷ ಇದಕ್ಕೆ ಉತ್ತರ ಬರೆದಿದ್ದೆ. ಅದರ ಹಿಂದಿನ ವರ್ಷವೂ ಬರೆದಿದ್ದೆ. ಈ ಸಲ ಒಂದೇ ಪತ್ರ ಹಿಡಿದುಕೊಂಡು ಉದ್ದಕ್ಕೆ ಬರೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಒಂದೆರಡು ಸಾಲು ಉಂಟು.

ಪ್ರಶ್ನೆ: ಮೇಡಂ, ಮಂಗಳೂರಿನ ಕದ್ರಿ ಹತ್ತಿರ ನಮ್ಮ ಹೊಸ ಮನೆ. ನಾಲ್ಕು ವರ್ಷದ ಹಿಂದೆ ಆರು ಫಾಕ್ಸ್‌ಟೇಲ್ ಪಾಮ್ ನೆಡಿಸಿದೆವು. ಸುತ್ತ ಹುಲ್ಲುಹಾಸು ಇದೆ, ಅದಕ್ಕೆ ತಿಂಗಳಿಗೊಮ್ಮೆ ಯೂರಿಯಾ ಹಾಕುತ್ತೇವೆ. ಎರಡು ವರ್ಷದಿಂದ ಪಾಮ್‌ನ ಕೆಳಗಿನ ಗರಿಗಳು ಹಳದಿಯಾಗಿ ತುದಿ ಒಣಗುತ್ತಿವೆ. ನರ್ಸರಿಯವರು ಡಿಎಪಿ ಹಾಕಿ ಅಂದರು, ಹಾಕಿದೆವು. ಆಮೇಲೆ 19:19:19 ಸಿಂಪಡಿಸಿದೆವು. ಕೆಲಸದವರು ಹಳದಿ ಗರಿಗಳನ್ನು ಆಗಾಗ ಕಡಿದು ಕ್ಲೀನ್ ಮಾಡುತ್ತಾರೆ. ಈಗ ಒಂದೊಂದು ಮರದಲ್ಲಿ ನಾಲ್ಕೇ ಗರಿ ಉಳಿದಿವೆ. ಸರಿಯಾದ ಗೊಬ್ಬರ ಯಾವುದು?

ಉತ್ತರ: ಗೊಬ್ಬರದ ಮಾತು ಆಮೇಲೆ. ಮೊದಲು ಆ ಕ್ಲೀನ್ ಮಾಡುವುದನ್ನು ನಿಲ್ಲಿಸಿ.

ನಿಮ್ಮ ಮರಕ್ಕೆ ಬೇಕಾಗಿರುವುದು ಪೊಟ್ಯಾಷ್. ಮಣ್ಣಿನಲ್ಲಿ ಅದು ಸಿಗದಿದ್ದರೆ ಮರ ಸುಮ್ನೆ ಕೂರುವುದಿಲ್ಲ. ಹಳೇ ಗರಿಗಳಲ್ಲಿ ಇರುವ ಪೊಟ್ಯಾಷನ್ನು ಎಳೆದು ಹೊಸ ಗರಿಗೆ ಕೊಡುತ್ತದೆ. ಹಾಗಾಗಿಯೇ ಕೆಳಗಿನದು ಮೊದಲು ಹಳದಿಯಾಗುವುದು. ಹಿಂದೆ ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆಂದು ಅಟ್ಟದ ಮೇಲೆ ಅಕ್ಕಿ ಮುಡಿ ಇಡುತ್ತಿದ್ದರಲ್ಲ, ಪಾಮ್‌ಗೆ ಹಳೇ ಗರಿಯೂ ಹಾಗೆಯೇ. ಮುಡಿಯ ಬೈಹುಲ್ಲು ಕಪ್ಪಾಯಿತು ಅಂತ ಒಳಗಿನ ಅಕ್ಕಿ ಸಮೇತ ಯಾರಾದರೂ ಎಸೆಯುತ್ತಾರಾ? ನೀವು ಎಸೆದಿದ್ದೀರಿ. ಕೆಳಗಿನ ಗರಿ ಕಡಿದ ಕೂಡಲೇ ಮರ ಅದರ ಮೇಲಿನದಕ್ಕೆ ಕೈ ಹಾಕುತ್ತದೆ. ಅದೂ ಹಳದಿ. ಅದನ್ನೂ ಕಡಿಯುತ್ತೀರಿ. ಎರಡು ವರ್ಷದಲ್ಲಿ ನಾಲ್ಕು ಗರಿಗೆ ಬಂದು ನಿಂತದ್ದು ಹೀಗೆ. ಪೂರ್ತಿ ಒಣಗಿ ಕಂದಾದ ಗರಿ ತಾನಾಗಿ ಕಳಚಿ ಬೀಳುತ್ತದೆ, ಅಡಿಕೆ ಸೋಗೆ ಬಿದ್ದ ಹಾಗೆ. ಅಷ್ಟರ ತನಕ ಮುಟ್ಟಬೇಡಿ. ನೆಂಟರು ಏನಂದುಕೊಳ್ಳುತ್ತಾರೆ ಅನ್ನುವವರು ಪ್ಲಾಸ್ಟಿಕ್ ಪಾಮ್ ತಂದಿಟ್ಟುಕೊಳ್ಳಿ.

ಪೊಟ್ಯಾಷೇ ಅಂತ ಹೇಗೆ ಗೊತ್ತು? ಹಳೇ ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಹಾಯುವಂಥ ಹಳದಿ, ಕಿತ್ತಳೆ ಚುಕ್ಕಿಗಳಿದ್ದರೆ, ಎಲೆಯ ತುದಿ ಸುಟ್ಟ ಹಾಗೆ ಮುರುಟಿದ್ದರೆ ಪೊಟ್ಯಾಷ್ ಕೊರತೆ. ಎಲೆಯ ನಡು ಹಸಿರಾಗಿಯೇ ಇದ್ದು ಅಂಚಿನಲ್ಲಿ ಮಾತ್ರ ಅಗಲವಾದ ನಿಂಬೆ ಹಳದಿ ಪಟ್ಟಿ ಇದ್ದರೆ ಮೆಗ್ನೀಸಿಯಂ ಕೊರತೆ. ನಿಮ್ಮ ಮೂರನೇ ಫೋಟೊದಲ್ಲಿ ಎರಡೂ ಕಾಣಿಸುತ್ತಿವೆ. ಬುಡದ ಒಂದೇ ಒಂದು ಗರಿ ಹಳದಿಯಾಗಿದ್ದರೆ ಅದು ಬರೀ ವಯಸ್ಸು, ಅದಕ್ಕೆ ಪತ್ರ ಬರೆಯಬೇಕಾಗಿಲ್ಲ. ಹೊಸ ಗರಿಯೇ ಬಿಳುಚಿಕೊಂಡು ಬರುತ್ತಿದ್ದರೆ ಅದು ಬೇರೆ ಕಥೆ. ಕಂಪೌಂಡ್ ಬುಡದಲ್ಲಿ ಹೂತುಹಾಕಿದ ಸಿಮೆಂಟ್ ಕಸವೋ, ಗಿಡವನ್ನು ತೀರಾ ಆಳಕ್ಕೆ ಇಳಿಸಿ ನೆಟ್ಟದ್ದೋ ಅದಕ್ಕೆ ಕಾರಣ ಇರಬಹುದು.

ನಮ್ಮೂರಲ್ಲಿ ಈ ಕೊರತೆ ಇಷ್ಟು ಜಾಸ್ತಿ ಯಾಕೆ ಅಂದರೆ, ಮಳೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ನಮ್ಮ ಮುರಕಲ್ಲು ಮಣ್ಣಿಗೆ ಪೊಟ್ಯಾಷನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಜೂನ್‌ನಲ್ಲಿ ಇದ್ದದ್ದು ಸೆಪ್ಟೆಂಬರ್ ಹೊತ್ತಿಗೆ ಚರಂಡಿ ಸೇರಿರುತ್ತದೆ. ಹೊಸ ಮನೆಯ ಜಾಗದಲ್ಲಿ ಇನ್ನೂ ಕಷ್ಟ. ಗುಡ್ಡ ಜರಿದು ಸೈಟ್ ಮಾಡುವಾಗ ಮೇಲಿನ ಒಳ್ಳೆ ಮಣ್ಣು ಲಾರಿ ಹತ್ತಿ ಹೋಗಿರುತ್ತದೆ. ಉಳಿದದ್ದು ಜಲ್ಲಿಯಂಥ ಕೆಂಪು ಮಣ್ಣು. ಅದರ ಮೇಲೆ ಒಂದಿಂಚು ತೋಟದ ಮಣ್ಣು ಹರಡಿ ಹುಲ್ಲು ಹಾಸಿದರೆ ಕಣ್ಣಿಗೆ ಚಂದ, ಬೇರಿಗೆ ಅದರಿಂದ ಎಂತ ಲಾಭ?

ಈಗ ನೀವು ಹಾಕಿದ್ದನ್ನು ನೋಡುವ. ಡಿಎಪಿ ಚೀಲದ ಮೇಲೆಯೇ ಬರೆದಿರುತ್ತದೆ, 18-46-0 ಅಂತ. ಸಾರಜನಕ, ರಂಜಕ, ಪೊಟ್ಯಾಷ್, ಇದೇ ಕ್ರಮದಲ್ಲಿ ಶೇಕಡಾ ಲೆಕ್ಕ. ಆ ಕೊನೆಯ ಸೊನ್ನೆಯೇ ಪೊಟ್ಯಾಷ್! ಹಸಿದವನಿಗೆ ಊಟದ ಬದಲು ಛತ್ರಿ ಕೊಟ್ಟ ಹಾಗಾಯಿತು. 19:19:19 ಸಿಂಪಡಣೆಯೂ ಅಷ್ಟೇ. ಲೀಟರಿಗೆ 5 ಗ್ರಾಂ ಬೆರೆಸಿದರೆ ಆ ಒಂದು ಲೀಟರ್‌ನಲ್ಲಿ ಪೊಟ್ಯಾಷ್ 1 ಗ್ರಾಂ ಕೂಡ ಇಲ್ಲ. ಮರ ಕೇಳುತ್ತಿರುವುದು ನೂರಾರು ಗ್ರಾಂ. ಇನ್ನು ಹುಲ್ಲಿನ ಯೂರಿಯಾ. ಹುಲ್ಲಿಗೆ ಹಾಕಿದ್ದು ಪಾಮ್ ಬೇರಿಗೂ ಸಿಗುತ್ತದೆ. ಸಾರಜನಕ ಸಿಕ್ಕಿದ ಮರ ಬೇಗ ಬೇಗ ಬೆಳೆಯಲು ಹೊರಡುತ್ತದೆ, ಬೆಳೆಯಲು ಇನ್ನೂ ಪೊಟ್ಯಾಷ್ ಬೇಕು, ಅದು ಇಲ್ಲ, ಹಳೇ ಗರಿಯಿಂದ ಎಳೆಯುತ್ತದೆ. ಅಂದರೆ ನೀವು ಹಾಕಿದ ಯೂರಿಯಾ ಹಳದಿಯನ್ನು ಜಾಸ್ತಿ ಮಾಡಿದೆ. ‘ಹಸಿರು ಬರಲಿ ಅಂತ ಯೂರಿಯಾ’ ಅನ್ನುವ ಸಲಹೆ ಕೊಟ್ಟವರು ಯಾರೇ ಇರಲಿ, ಅವರ ಅಂಗಡಿಗೆ ಇನ್ನು ಹೂವಿನ ಕುಂಡ ತರಲಿಕ್ಕೆ ಮಾತ್ರ ಹೋಗಿ.

ಸರಿಯಾದ ಗೊಬ್ಬರ ಯಾವುದು ಅಂತ ಕೇಳಿದಿರಿ. ಉತ್ತರ ನಿಮ್ಮ ಅಜ್ಜನ ತೋಟದಲ್ಲಿಯೇ ಇತ್ತು. ಪಕ್ಕದ ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ, ವಿಟ್ಲದಲ್ಲಿ ಅಡಿಕೆಯದ್ದು. ದೊಡ್ಡ ತೆಂಗಿನ ಮರಕ್ಕೆ ವರ್ಷಕ್ಕೆ ಹೇಳುವ ಲೆಕ್ಕ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ಅಡಿಕೆಗೆ 100, 40, 140. ಎರಡರಲ್ಲೂ ಪೊಟ್ಯಾಷ್ ಸಾರಜನಕಕ್ಕಿಂತ ಜಾಸ್ತಿ, ರಂಜಕ ಎಲ್ಲಕ್ಕಿಂತ ಕಡಿಮೆ. ಫಾಕ್ಸ್‌ಟೇಲ್ ಆಸ್ಟ್ರೇಲಿಯಾದಿಂದ ಬಂದಿರಬಹುದು, ಆದರೆ ಅದೂ ತೆಂಗು ಅಡಿಕೆಗಳ ಕುಟುಂಬದ್ದೇ, ಹಸಿವೂ ಅದೇ ತರದ್ದು. ಅಂಗಳದಲ್ಲಿ ನಿಂತ ಕೂಡಲೇ ಅದಕ್ಕೆ ಬೇರೆ ಶಾಸ್ತ್ರ ಬೇಕಾಗಿಲ್ಲ.

ನಾನಾಗಿದ್ದರೆ ನಿಮ್ಮ ಒಂದೊಂದು ಮರಕ್ಕೆ ವರ್ಷಕ್ಕೆ 300 ಗ್ರಾಂ ಮ್ಯೂರೇಟ್ ಆಫ್ ಪೊಟ್ಯಾಷ್, 150 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತೇನೆ. ಇವೆರಡೂ ಜೊತೆಗೇ ಹೋಗಬೇಕು. ಬರೀ ಪೊಟ್ಯಾಷ್ ಸುರಿದರೆ ಮರ ಮೆಗ್ನೀಸಿಯಂ ಹೀರುವುದು ಕಡಿಮೆಯಾಗುತ್ತದೆ, ಬರೀ ಮೆಗ್ನೀಸಿಯಂ ಸುರಿದರೆ ಪೊಟ್ಯಾಷ್ ಕೊರತೆ ಹೆಚ್ಚುತ್ತದೆ. ಎಪ್ಸಮ್ ಸಾಲ್ಟ್, ಅಂದರೆ ಇದೇ ಮೆಗ್ನೀಸಿಯಂ ಸಲ್ಫೇಟ್, ಅದೊಂದರಿಂದಲೇ ಎಲ್ಲ ಸರಿಯಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ಈ ಅರ್ಧ ವಿಷಯ ಗೊತ್ತಿಲ್ಲ. ಯೂರಿಯಾ, ರಂಜಕ ಎರಡೂ ನಿಮ್ಮ ಮರಕ್ಕೆ ಮೊದಲ ವರ್ಷ ಬೇಡವೇ ಬೇಡ, ಆಗಲೇ ಹಾಕಿದ್ದೇ ಮಿಕ್ಕಿದೆ. ಹುಲ್ಲುಹಾಸು ಇಲ್ಲದವರು 150 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್ ಸೇರಿಸಿ. ನಮ್ಮ ಹುಳಿ ಮಣ್ಣಿಗೆ ಡಿಎಪಿಗಿಂತ ರಾಕ್ ಫಾಸ್ಫೇಟ್ ಒಳ್ಳೆಯದು. ಎಲ್ಲವೂ ಸೊಸೈಟಿಯ ಗೊಬ್ಬರದ ಅಂಗಡಿಯಲ್ಲಿ ಕೇಳಿ. ಚಂದದ ಡಬ್ಬಿಯಲ್ಲಿ ತುಂಬಿಟ್ಟ ಅದೇ ಪುಡಿಗೆ ಹತ್ತು ಪಟ್ಟು ದುಡ್ಡು ಕೊಡಬೇಡಿ.

ಒಂದೇ ಸಲ ಹಾಕಬೇಡಿ. ಮೇ ಕೊನೆಯ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದು ಮಣ್ಣು ಒದ್ದೆಯಾದ ಮೇಲೆ ಕಾಲು ಪಾಲು. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿಗೆ, ಚೀಲ ಬಿಚ್ಚಲೇ ಬೇಡಿ, ಸುರಿದದ್ದೆಲ್ಲ ಪಕ್ಕದ ಮನೆಯ ತೋಡಿಗೆ ಹೋಗುತ್ತದೆ. ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ, ಅರ್ಧ ಪಾಲು. ಉಳಿದ ಕಾಲು ಡಿಸೆಂಬರ್‌ಗೆ, ಅದೂ ನೀರು ಹಾಕುವವರಿಗೆ ಮಾತ್ರ. ಬುಡದ ಸುತ್ತ ನಾಲ್ಕಡಿ ಹುಲ್ಲು ಕಿತ್ತು ತೆಗೆಯಿರಿ. ಕಾಂಡದಿಂದ ಎರಡಡಿ ದೂರ ಬಿಟ್ಟು ಸುತ್ತ ಚೆಲ್ಲಿ, ಮೇಲೆ ಮೇಲೆ ಕೆದಕಿ ನೀರು ಹಾಕಿ. ಹಾರೆ ಹಾಕಿ ಬೇರು ತುಂಡರಿಸಬೇಡಿ. ಮೇಲೆ ತರಗೆಲೆಯೋ ತೆಂಗಿನ ಸಿಪ್ಪೆಯೋ ಮುಚ್ಚಿ. ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ನಮ್ಮವರು ಅದನ್ನು ನೀರು ಕಾಯಿಸುವ ಒಲೆಗೆ ಹಾಕಿ ಮುಗಿಸುತ್ತಾರೆ.

ಈ ಪ್ರಮಾಣ ಕಡಿಮೆ ಅಂತ ಕೆಲವು ತಜ್ಞರು ಹೇಳಬಹುದು. ಹೇಳಲಿ. ಬಹಳ ಹಿಂದೆ ನಮ್ಮದೇ ಅಂಗಳದ ಬಾಟಲ್ ಪಾಮ್‌ಗೆ, ರಜೆ ಮುಗಿಯುತ್ತದೆ ಅನ್ನುವ ಅವಸರದಲ್ಲಿ, ಒಂದು ವರ್ಷದ ಪೊಟ್ಯಾಷನ್ನು ಮಾರ್ಚ್ ತಿಂಗಳ ಒಣ ಮಣ್ಣಿಗೆ, ಅದೂ ಕಾಂಡಕ್ಕೆ ತಾಗುವ ಹಾಗೆ ಸುರಿದಿದ್ದೆ. ಮ್ಯೂರೇಟ್ ಅಂದರೆ ಒಂದು ಬಗೆಯ ಉಪ್ಪೇ. ಬೇರು ಸುಟ್ಟು ಮೂರು ತಿಂಗಳಲ್ಲಿ ಮರ ಹೋಯಿತು. ಅಂದಿನಿಂದ ನನ್ನ ಕೈ ಸ್ವಲ್ಪ ಹಿಂದೆಯೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಜನವರಿಯಲ್ಲಿ ಮತ್ತೆ ಪತ್ರ ಬರೆಯಬೇಡಿ. ಪೊಟ್ಯಾಷ್ ಇಲ್ಲದೆ ಹಳದಿಯಾದ ಗರಿ ತಿರುಗಿ ಹಸಿರಾಗುವುದಿಲ್ಲ. ಎಷ್ಟು ಹಾಕಿದರೂ ಇಲ್ಲ. ಹೊಸದಾಗಿ ಬರುವ ಗರಿ ಹಸಿರಾಗಿ ಉಳಿಯುತ್ತದೆ, ಅಷ್ಟೇ. ನಾಲ್ಕು ಗರಿಯ ಮರ ಮತ್ತೆ ಎಂಟು ಗರಿ ಹೊರಬೇಕಾದರೆ ಒಂದೂವರೆ ಎರಡು ವರ್ಷ ಬೇಕು. ಆ ನಡುವೆ ಯಾರಾದರೂ ‘ಪಾಮ್ ಟಾನಿಕ್’ ಅಂತ ಬಾಟಲಿ ಹಿಡಿದು ಗೇಟಿಗೆ ಬಂದರೆ ಒಳಗೆ ಬಿಡಬೇಡಿ. ಕಾಂಡಕ್ಕೆ ಡ್ರಿಲ್ ಹಾಕಿ ಔಷಧಿ ಇಳಿಸುತ್ತೇನೆ ಅನ್ನುವವನನ್ನಂತೂ ನಾಯಿ ಬಿಟ್ಟು ಓಡಿಸಿ. ಮಾವು, ಹಲಸಿನ ಗಾಯ ಮಾಗಿ ಮುಚ್ಚಿಕೊಳ್ಳುತ್ತದೆ. ಪಾಮ್ ಕಾಂಡಕ್ಕೆ ಆ ಗುಣವೇ ಇಲ್ಲ. ಒಮ್ಮೆ ಕೊರೆದ ತೂತು ಮರ ಸಾಯುವ ತನಕ ತೂತೇ, ಕೊಳೆಯೂ ಕೆಂಪು ಮೂತಿ ಹುಳುವೂ ಒಳಗೆ ಹೋಗುವ ಬಾಗಿಲು. ಮೊಳೆ ಹೊಡೆದು ದೀಪಾವಳಿಯ ಸೀರಿಯಲ್ ಲೈಟ್ ಕಟ್ಟುವವರಿಗೂ ಇದೇ ಮಾತು.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮನೆ. ತೆಂಗಿನ ಬುಡಕ್ಕೆ ಅಜ್ಜ ಉಪ್ಪು ಹಾಕುತ್ತಿದ್ದರು. ಪಾಮ್‌ಗೂ ಹಾಕಬಹುದಾ?

ಉತ್ತರ: ಅಜ್ಜ ದಡ್ಡರಲ್ಲ. ತೆಂಗಿಗೆ ಕ್ಲೋರಿನ್ ಬೇಕು, ಉಪ್ಪಿನಲ್ಲಿ ಅದು ಸಿಗುತ್ತಿತ್ತು. ಆದರೆ ಮ್ಯೂರೇಟ್ ಆಫ್ ಪೊಟ್ಯಾಷ್‌ನಲ್ಲಿಯೂ ಕ್ಲೋರಿನ್ ಇದೆ, ಜೊತೆಗೆ ಪೊಟ್ಯಾಷ್ ಕೂಡ. ಅದನ್ನು ಹಾಕುವವರಿಗೆ ಉಪ್ಪು ಯಾಕೆ? ಅದೂ ಅಲ್ಲದೆ ಅಂಗಳದ ಪಾಮ್‌ಗಳೆಲ್ಲ ತೆಂಗಿನಷ್ಟು ಉಪ್ಪು ತಡೆಯುವುದಿಲ್ಲ. ಸಮುದ್ರದ ಗಾಳಿಯಲ್ಲಿ ಬರುವುದೇ ನಿಮಗೆ ಸಾಕು ಮಾರಾಯ್ರೇ.

ಪ್ರಶ್ನೆ: ನಾವು ರಾಸಾಯನಿಕ ಮುಟ್ಟುವುದಿಲ್ಲ. ಹಟ್ಟಿ ಗೊಬ್ಬರ ಮಾತ್ರ ಸಾಲದಾ?

ಉತ್ತರ: ಮಣ್ಣಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ 10 ಕಿಲೋ ಹಟ್ಟಿ ಗೊಬ್ಬರದಲ್ಲಿ ಇರುವ ಪೊಟ್ಯಾಷ್ ಸುಮಾರು 50 ಗ್ರಾಂ, ಲೆಕ್ಕ ನೀವೇ ಹಾಕಿ. ಜೊತೆಗೆ ಒಲೆಯ ಬೂದಿ ಹಾಕಿ. ಬೂದಿಯನ್ನು ಹಿತ್ತಿಲಲ್ಲಿ ಮಳೆಗೆ ಬಿಟ್ಟರೆ ಅದರ ಪೊಟ್ಯಾಷ್ ತೊಳೆದು ಹೋಗುತ್ತದೆ, ಆಮೇಲೆ ತಂದು ಹಾಕಿದರೆ ಬಂದದ್ದು ಬರೀ ಬಣ್ಣ. ಸೂರಿನ ಕೆಳಗೆ ಒಣಗಿದ್ದೇ ಇಡಿ.

ಪ್ರಶ್ನೆ: ಹೊಸ ಗರಿ ಮುದುಡಿಕೊಂಡು, ತುದಿ ಕೊಕ್ಕೆಯ ಹಾಗೆ ಬಾಗಿ ಬರುತ್ತಿದೆ.

ಉತ್ತರ: ಬೋರಾನ್ ಕೊರತೆ. ತೆಂಗಿಗೆ 50 ಗ್ರಾಂ ಬೋರಾಕ್ಸ್ ಅನ್ನುತ್ತಾರೆ, ನಿಮ್ಮ ಗಿಡಕ್ಕೆ 15 ಗ್ರಾಂ ನೀರಲ್ಲಿ ಕರಗಿಸಿ ಒಂದೇ ಸಲ ಹಾಕಿ, ಆರು ತಿಂಗಳು ಕಾಯಿರಿ. ಜಾಸ್ತಿಯಾದರೆ ವಿಷ. ಗರಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಂಡರೆ ಅದು ಬೋರಾನ್ ಅಲ್ಲ, ಕುರುವಾಯಿ ದುಂಬಿ. ಗೊಬ್ಬರದ ಗುಂಡಿಯಲ್ಲಿ ಅದರ ಹುಳು ಹುಡುಕಿ.

ಪ್ರಶ್ನೆ: ಮಣ್ಣು ಪರೀಕ್ಷೆ ಮಾಡಿಸಲೇಬೇಕಾ?

ಉತ್ತರ: ಹೌದು. ಕಂಕನಾಡಿ, ಬ್ರಹ್ಮಾವರ, ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ಕೇಳಿ. ಸುಣ್ಣ ಹಾಕಿ ಅಂತ ಬಂದರೆ ಸುಣ್ಣಕ್ಕೂ ಯೂರಿಯಾಕ್ಕೂ ನಡುವೆ ಮೂರು ವಾರ ಬಿಡಿ. ಒಟ್ಟಿಗೆ ಹಾಕಿದರೆ ಯೂರಿಯಾ ಗಾಳಿಗೆ.

ಪ್ರಶ್ನೆ: ಬಾಲ್ಕನಿಯ ಕುಂಡದ ಅರೆಕಾ ಪಾಮ್ ತುದಿ ಕಂದಾಗಿದೆ. ಗೊಬ್ಬರ ಹೆಚ್ಚಿಸಲಾ?

ಉತ್ತರ: ಕಡಿಮೆ ಮಾಡಿ.

ಪ್ರಶ್ನೆ: ಸೈಕಾಸ್‌ಗೂ ಟ್ರಾವೆಲರ್ಸ್ ಪಾಮ್‌ಗೂ ಇದೇ ಗೊಬ್ಬರವಾ?

ಉತ್ತರ: ಎರಡೂ ಪಾಮ್ ಅಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಪ್ರಶ್ನೆ: ನಮ್ಮ ಅಂಗಳದ ಬೈನೆ ಮರ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೊನೆ ಬಿಡುತ್ತಾ ಬಂದು ಈಗ ಒಣಗುತ್ತಿದೆ. ಯಾವ ಗೊಬ್ಬರ ಹಾಕಿದರೆ ಉಳಿಯುತ್ತದೆ?

ಉತ್ತರ: ಯಾವುದೂ ಇಲ್ಲ. ಕೊನೆಯ ಗೊನೆ ಹಣ್ಣಾದ ಮೇಲೆ ಬೈನೆ ಸಾಯುತ್ತದೆ, ಅದರ ಜಾತಿಯೇ ಹಾಗೆ. ಮರ ಕಡಿಯುವವರನ್ನು ಈಗಲೇ ಗೊತ್ತು ಮಾಡಿ. ಅಲ್ಲಿ ತನಕ ಕಾರನ್ನು ಬೇರೆ ಕಡೆ ನಿಲ್ಲಿಸಿ.