ಹೇಳಿದವರು ಮತ್ತೆ ಹೇಳುವಂತಾಗಲು: ಮೀನು ಸಂಸ್ಕರಣಾ ಘಟಕದ ಒಂದು ಆಪ್ತಸಲಹೆ ಪ್ರಕರಣ

ಮಂಗಳೂರಿನ ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಪಾಳಿಯ ಉಸ್ತುವಾರಿ ಹೊತ್ತಿರುವ, ನಲವತ್ತು ದಾಟಿದ ಸೂಪರ್‌ವೈಸರ್ ಒಬ್ಬರು ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಅವರು ರಜೆಯಲ್ಲಿದ್ದ ಒಂದು ರಾತ್ರಿ ತ್ಯಾಜ್ಯ ನೀರಿನ ಟ್ಯಾಂಕಿನ ಪಂಪು ಕಟ್ಟಿಕೊಂಡಿತ್ತು. ಗುತ್ತಿಗೆ ಕಾರ್ಮಿಕನೊಬ್ಬ ಅದನ್ನು ಬಿಡಿಸಲು ಏಣಿಯಲ್ಲಿ ಇಳಿಯುತ್ತಿದ್ದಾಗ ತಲೆ ಸುತ್ತಿ ಕುಸಿದ. ಮೇಲೆ ನಿಂತಿದ್ದವನ ಕೈಗೆ ಅವನ ತೋಳು ಸಿಕ್ಕಿತು, ಜೀವ ಉಳಿಯಿತು. ಈ ಸಂಗತಿ ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ. ಕೆಲವು ವಾರಗಳ ನಂತರ ಚಹಾದ ಹೊತ್ತಿನಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದುದು ಸೂಪರ್‌ವೈಸರರ ಕಿವಿಗೆ ಬಿತ್ತು. "ಇಷ್ಟು ವರ್ಷ ಅವರೊಟ್ಟಿಗೇ ಇದ್ದೇನೆ ಮೇಡಂ. ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಯಾರಿಗೂ ಆಗ್ಲಿಲ್ವಾ?" ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ಮೊದಲ ಭೇಟಿಯಲ್ಲಿಯೇ ಒಂದು ವಿಷಯವನ್ನು ನಾನು ಸ್ಪಷ್ಟಪಡಿಸಬೇಕಾಯಿತು. ಆಪ್ತಸಲಹೆಯಲ್ಲಿ ಗೌಪ್ಯತೆ ಮುಖ್ಯವಾದರೂ ಯಾರದೋ ಜೀವಕ್ಕೆ ಅಪಾಯವಿರುವಾಗ ಅದಕ್ಕೆ ಮಿತಿಯಿದೆ. ಆ ಟ್ಯಾಂಕು ಹಾಗೆಯೇ ಉಳಿದಿದ್ದರೆ ವಿಷಯವು ನಮ್ಮಿಬ್ಬರ ನಡುವೆ ಮಾತ್ರ ಇರಲು ಸಾಧ್ಯವಿಲ್ಲ. ಕೊಳೆತ ಮೀನಿನ ತ್ಯಾಜ್ಯದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲವು ಸಾಂದ್ರತೆ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ, ವಾಸನೆ ಇಲ್ಲವೆಂದು ನಂಬಿ ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಹೋದವನೂ ಕುಸಿಯುತ್ತಾನೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಳಿಯೇ ಇಂತಹ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಒಳಗಿನ ಗಾಳಿಯನ್ನು ಪರೀಕ್ಷಿಸದೆ, ಅಥವಾ ಉಸಿರಾಟದ ಸಾಧನ ಮತ್ತು ಹಗ್ಗ ಕಟ್ಟಿದ ಬೆಲ್ಟು ಇಲ್ಲದೆ ಯಾರನ್ನೂ ಇಂತಹ ಜಾಗಕ್ಕೆ ಇಳಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮಿನಲ್ಲಿಯೇ ಇತ್ತು. ಮರುದಿನವೇ ಸೂಪರ್‌ವೈಸರರು ಮ್ಯಾನೇಜರರಿಗೆ ಲಿಖಿತವಾಗಿ ತಿಳಿಸಿ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದರು.

ಉಳಿದದ್ದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಬದಲು, ಈ ಹಿಂದೆ ಯಾರಾದರೂ ಬಂದು ಅಪಾಯದ ಸುದ್ದಿ ಹೇಳಿದ್ದಾಗ ಏನಾಯಿತೆಂದು ನೆನಪಿಸಿಕೊಳ್ಳಲು ಕೇಳಿದೆ. ಬಹಳ ಹೊತ್ತು ಯೋಚಿಸಿ ಅವರು ಒಬ್ಬ ಹುಡುಗನ ವಿಷಯ ಹೇಳಿದರು. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗಾರ್ಡ್ (ಕೈ ಸಿಲುಕದಂತೆ ತಡೆಯುವ ಕವಚ) ಸಡಿಲವಾಗಿದೆ ಎಂದು ಅವನು ಬಂದು ತಿಳಿಸಿದ್ದ. ಲಾರಿ ಕಾಯುತ್ತಿದ್ದ ಹೊತ್ತದು. "ಸಡಿಲ ಮಾಡಿದ್ದು ಯಾರು, ನೀನೇ ಅಲ್ವಾ?" ಎಂದು ಎಲ್ಲರೆದುರು ಗದರಿದ್ದರು. ಆ ವಾರ ಹುಡುಗನಿಗೆ ಓವರ್‌ಟೈಮ್ ಸಿಗಲಿಲ್ಲ. ಜೊತೆಗೆ, ಗೇಟಿನ ಬಳಿ ಅಪಘಾತವಿಲ್ಲದ ದಿನಗಳ ಲೆಕ್ಕ ತೋರಿಸುವ ಫಲಕವೊಂದಿತ್ತು. ಆ ಲೆಕ್ಕ ಮುರಿದರೆ ಇಡೀ ಪಾಳಿಯ ಬೋನಸ್ ಹೋಗುತ್ತಿತ್ತು. ಹಾಗಾಗಿ ಟ್ಯಾಂಕಿನಲ್ಲಿ ಕುಸಿದವನೇ ಎಲ್ಲರ ಮುಂದೆ ಕೈಮುಗಿದು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಿದ್ದ. ಇದನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ. ಕಾರ್ಮಿಕರು ಅಸಡ್ಡೆಯಿಂದ ಮೌನವಾಗಿರಲಿಲ್ಲ. ಮಾತನಾಡಿದವನಿಗೆ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡು ಮೌನವನ್ನು ಕಲಿತಿದ್ದರು.

ಹೇಳುವುದು ಒಂದು, ಹೇಳಿದ್ದು ನಾಟುವುದು ಇನ್ನೊಂದು ಎಂಬುದನ್ನು ನಮ್ಮೂರು ಭಾರೀ ಬೆಲೆ ತೆತ್ತು ಕಂಡಿದೆ. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನ ಸಾವಿಗೀಡಾದ ವಿಮಾನ ದುರಂತದ ತನಿಖೆಯು, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಮುಂದುವರಿಸಿದರೆಂದು ದಾಖಲಿಸಿದೆ. ಈ ಮಾತು ಬಂದಾಗ ಸೂಪರ್‌ವೈಸರರು ಬಹಳ ಹೊತ್ತು ತಲೆತಗ್ಗಿಸಿ ಕುಳಿತರು. ಅವರನ್ನು ತಪ್ಪಿತಸ್ಥರೆಂದು ನಿಲ್ಲಿಸುವುದು ನನ್ನ ಉದ್ದೇಶವಾಗಿರಲಿಲ್ಲ, ಅದನ್ನು ಅವರಿಗೂ ಹೇಳಿದೆ. ಮೇಲಿನಿಂದ ಬರುವ ಒತ್ತಡ ಅವರ ಮೂಲಕ ಕೆಳಗೆ ಇಳಿಯುತ್ತಿತ್ತು.

ನಾನು ನೀಡಿದ ಸಲಹೆ ಹೀಗಿತ್ತು. ಅಪಾಯದ ಸುದ್ದಿ ತಂದವನಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನಬೇಕು. "ಯಾರು ಮಾಡಿದ್ದು" ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಏನಾಯಿತು, ಯಾಕೆ ಹಾಗಾಯಿತು ಎಂದು ವಿಚಾರಿಸಬೇಕು. ದುರಸ್ತಿ ಅಂದೇ ಆಗದಿದ್ದರೆ ಯಾಕೆ ಆಗಲಿಲ್ಲ, ಯಾವಾಗ ಆಗುತ್ತದೆ ಎಂಬುದನ್ನು ಸಂಜೆಯೊಳಗೆ ಅವನಿಗೇ ತಿಳಿಸಬೇಕು, ಏಕೆಂದರೆ ಉತ್ತರ ಬಾರದ ದೂರು ಗದರಿಕೆಯಷ್ಟೇ ಬೇಗ ಬಾಯಿ ಮುಚ್ಚಿಸುತ್ತದೆ. ಗೊತ್ತಿದ್ದೂ ಬೇಕೆಂದೇ ಗಾರ್ಡ್ ಕಳಚಿಟ್ಟವನ ಮೇಲೆ ಶಿಸ್ತುಕ್ರಮ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮರೆವಿನಿಂದಲೋ ದಣಿವಿನಿಂದಲೋ ಆದ ತಪ್ಪನ್ನು ಅದೇ ತಕ್ಕಡಿಗೆ ಹಾಕಬಾರದು. ಪಾಳಿಯ ಆರಂಭದ ಐದು ನಿಮಿಷ ಅಪಾಯದ ಮಾತಿಗೇ ಮೀಸಲಿರಲಿ, ಅದು ಕನ್ನಡದಲ್ಲಿ ಮಾತ್ರವಲ್ಲ, ತುಳುವಿನಲ್ಲಿಯೂ ಹಿಂದಿಯಲ್ಲಿಯೂ ನಡೆಯಲಿ. ಮೀನು ಸ್ವಚ್ಛಗೊಳಿಸುವ ಮಹಿಳೆಯರು ಹಿಂದೆ ನಿಂತು ಕೇಳುವವರಾಗದೆ ಮೊದಲು ಮಾತನಾಡಲಿ. ಆ ಹುಡುಗನನ್ನು ಎಲ್ಲರೆದುರು ಗದರಿದ್ದರಿಂದ ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕೆಂದು ಸೂಚಿಸಿದೆ. ಅವರಿಗೆ ಅತ್ಯಂತ ಕಷ್ಟವಾದದ್ದು ಇದೇ, ಆದರೂ ಮಾಡಿದರು.

ನಂತರ ಅವರ ಕೋರಿಕೆಯಂತೆ ಮ್ಯಾನೇಜರರೊಂದಿಗೆ ಮಾತನಾಡಿದೆ. ಫಲಕದ ಲೆಕ್ಕಕ್ಕೂ ಬೋನಸ್ಸಿಗೂ ಇದ್ದ ಕೊಂಡಿಯನ್ನು ಕಡಿಯದೆ ಉಳಿದ ಯಾವ ಪ್ರಯತ್ನವೂ ಫಲಿಸದೆಂದು ವಿವರಿಸಿದಾಗ ಅವರು ಒಪ್ಪಿದರು. ತಪ್ಪಿದ ಅವಘಡಗಳನ್ನು ಬರೆಯುವ ಪುಸ್ತಕವೊಂದನ್ನು ತೆರೆದರು, ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರಿಗೂ ಸ್ಥಾನ ಕೊಟ್ಟರು.

ಕೊನೆಯ ಭೇಟಿಯ ಹೊತ್ತಿಗೆ ಆ ಪುಸ್ತಕದಲ್ಲಿ ದೂರುಗಳು ಹೆಚ್ಚಾಗಿದ್ದವು. ಸೂಪರ್‌ವೈಸರರು ಅದರಿಂದ ಗಾಬರಿಗೊಂಡಿದ್ದರು. ಮೊದಲೂ ಇದ್ದ ಅಪಾಯಗಳು ಈಗ ಬೆಳಕಿಗೆ ಬರುತ್ತಿವೆಯೆಂದು ನಾನು ಧೈರ್ಯ ಹೇಳಿದೆ. ನಿದ್ದೆ ಸುಧಾರಿಸಿದೆ. ಆದರೆ ಗುತ್ತಿಗೆದಾರರು ಇನ್ನೂ ಸ್ವಚ್ಛಗೊಳಿಸಿದ ಮೀನಿನ ಕಿಲೋ ಲೆಕ್ಕದಲ್ಲಿಯೇ ಕೂಲಿ ಕೊಡುತ್ತಿರುವುದರಿಂದ, ಯಂತ್ರ ನಿಲ್ಲಿಸಿದ ಸಮಯದ ನಷ್ಟ ಕಾರ್ಮಿಕರ ಜೇಬಿಗೇ ಬೀಳುತ್ತಿದೆ. ಅಪಾಯದ ಕಾರಣಕ್ಕೆ ಕೆಲಸ ನಿಂತ ಗಂಟೆಗಳಿಗೂ ಕೂಲಿ ಸಿಗುವಂತೆ ಮುಂದಿನ ಗುತ್ತಿಗೆ ಕರಾರಿನಲ್ಲಿ ಷರತ್ತು ಸೇರಿಸಬೇಕೆಂದು ಮ್ಯಾನೇಜರರಿಗೆ ಬರೆದು ಕೊಟ್ಟಿದ್ದೇನೆ.