ಪ್ರ: ಕ್ಯಾಮರೂನ್ ಸೋಲದೆಯೇ ಫುಟ್‌ಬಾಲ್ ವಿಶ್ವಕಪ್‌ನಿಂದ ಹೊರಬಿದ್ದಿತ್ತೇ?

ನೀವು ಕೇಳಿರುವುದು ನಿಜ. ಅದು 1982ರ ಸ್ಪೇನ್ ವಿಶ್ವಕಪ್, ಕ್ಯಾಮರೂನ್‌ಗೆ ಮೊದಲನೆಯದು. ಪೆರು ಮತ್ತು ಪೋಲೆಂಡ್ ವಿರುದ್ಧ 0–0, ಇಟಲಿ ವಿರುದ್ಧ 1–1. ಇಟಲಿಯದೂ ಮೂರು ಡ್ರಾಗಳೇ. ಆದರೆ ಅದು ಹೊಡೆದದ್ದು ಎರಡು ಗೋಲು, ಕ್ಯಾಮರೂನ್ ಒಂದೇ. ಅಷ್ಟರಲ್ಲೇ ಮುಂದೆ ಹೋದ ಇಟಲಿ ಕೊನೆಗೆ ಕಪ್ಪನ್ನೇ ಗೆದ್ದಿತು!

1990ರ ಕಥೆ ಇನ್ನೂ ಸೊಗಸು. ಮೊದಲ ಪಂದ್ಯದಲ್ಲೇ ಮರಡೋನಾ ನಾಯಕತ್ವದ ಅರ್ಜೆಂಟೀನಾಕ್ಕೆ 1–0 ಸೋಲು. ಗೋಲು ಒಮಾಮ್ ಬಿಯಿಕ್‌ನದು. ಆಟ ಮುಗಿದಾಗ ಮೈದಾನದಲ್ಲಿ ಕ್ಯಾಮರೂನ್‌ನ ಒಂಬತ್ತೇ ಜನ ಉಳಿದಿದ್ದರು. 38 ವರ್ಷದ ರೋಜರ್ ಮಿಲ್ಲಾ ಬದಲಿ ಆಟಗಾರನಾಗಿ ಬಂದು ರೊಮೇನಿಯಾ, ಕೊಲಂಬಿಯಾ ಎರಡಕ್ಕೂ ಎರಡೆರಡು ಗೋಲು ಬಾರಿಸಿದ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 2–1 ಮುಂದಿದ್ದರೂ ಲಿನೇಕರ್‌ನ ಎರಡು ಪೆನಾಲ್ಟಿಗಳಿಂದ ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಸೋತರು. ಅವರ ಒರಟು ಟ್ಯಾಕಲ್‌ಗಳನ್ನು ಬೈಯುವವರಿದ್ದಾರೆ, ತಪ್ಪೇನಿಲ್ಲ. ಆದರೂ ಆ ಕೂಟದ ಜೀವ ಅವರೇ ಎಂದು ನನ್ನ ಅಭಿಪ್ರಾಯ.

ಆಮೇಲೆ ವಿಶ್ವಕಪ್‌ನಲ್ಲಿ ನಾಕೌಟ್ ಹಂತ ಅವರಿಗೆ ಸಿಕ್ಕಿಲ್ಲ. ಆಫ್ರಿಕಾ ಕಪ್ ಮಾತ್ರ ಐದು ಸಲ ಗೆದ್ದಿದ್ದಾರೆ, ಕೊನೆಯದು 2017ರಲ್ಲಿ. 2022ರ ವಿಶ್ವಕಪ್‌ನಲ್ಲಿ ಬ್ರೆಜಿಲನ್ನು 1–0ರಿಂದ ಮಣಿಸಿದರೂ ಗುಂಪು ಹಂತ ದಾಟಲಿಲ್ಲ. ಗೋಲು ಹೊಡೆದ ಅಬೂಬಕರ್ ಸಂಭ್ರಮದಲ್ಲಿ ಅಂಗಿ ಕಳಚಿ ಎರಡನೇ ಹಳದಿ ಕಾರ್ಡ್, ಅದರಿಂದ ಕೆಂಪು ಕಾರ್ಡ್ ಪಡೆದ.