ಜಿಎಚ್‌ಸಿ ಮತ್ತೆ ಹಾಕಬೇಡಿ, ತೊಂದರೆ ಅಲ್ಲಿಲ್ಲ

ಹ್ಯಾಸ್ಕೆಲ್ ಭಾಷೆಯ ಒಂದೇ ಸಾಲಿನ ಪ್ರೋಗ್ರಾಂ ಕೂಡ ‘ಕೆನಾಟ್ ಸ್ಯಾಟಿಸ್ಫೈ -ಪ್ಯಾಕೇಜ್-ಐಡಿ’ (ಕೇಳಿದ ಪ್ಯಾಕೇಜು ಸಿಗಲಿಲ್ಲ) ಅಂತ ನಿಲ್ಲುತ್ತಿದೆ, ಅದರ ಕಂಪೈಲರ್ ಜಿಎಚ್‌ಸಿಯನ್ನು ಮತ್ತೆ ಹಾಕಲಾ, ಯಾವ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಗ್ಲೋಬಲ್ ಆಗಿ, ಅಂದರೆ ಎಲ್ಲ ಪ್ರೋಗ್ರಾಮಿಗೂ ಸಿಗುವಂತೆ, ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ಓದಿದ ಕೂಡಲೇ ಬದಿಯಡ್ಕದ ಮನೆಯ ಆ ಮಳೆಗಾಲದ ರಾತ್ರಿ ನೆನಪಾಯಿತು.

ದೊಡ್ಡಪ್ಪನ ಅಡಿಕೆ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಯ ತೂಕ ಮತ್ತು ದರ. ಪಟೋರದ ಲೆಕ್ಕದಲ್ಲಿ ತಪ್ಪು ಬರುತ್ತಿತ್ತು, ಬೆಳಿಗ್ಗೆಯೊಳಗೆ ಸರಿ ಮಾಡಬೇಕಿತ್ತು. ಹಿಂದಿನ ದಿನವಷ್ಟೇ ಡಿಸ್ಕಿನಲ್ಲಿ ಜಾಗ ಸಾಲದೆ ‘.ಕಬಾಲ್’ ಒಳಗಿನ ಸ್ಟೋರ್ ಫೋಲ್ಡರ್ ಅಳಿಸಿದ್ದೆ. ಪ್ಯಾಕೇಜುಗಳನ್ನು ತಂದು ಕಟ್ಟುವ ಸಾಧನ ಕಬಾಲ್, ಕಟ್ಟಿದ್ದನ್ನು ಇಡುವ ಜಾಗ ಸ್ಟೋರ್. ಬೇಕಾದರೆ ಕಬಾಲ್ ಮತ್ತೆ ತಂದುಕೊಳ್ಳುತ್ತದೆ ಎಂಬ ಧೈರ್ಯ. ಈಗ ನೋಡಿದರೆ ಏನೂ ಕಂಪೈಲ್ ಆಗುತ್ತಿಲ್ಲ. ಜಿಎಚ್‌ಸಿ 9.2 ತೆಗೆದು ಮತ್ತೆ ಹಾಕಿದೆ, ಎರಡು ಸಲ. ಮಾಳಿಗೆಯ ಕಿಟಕಿಯಲ್ಲಿ ಮೊಬೈಲ್ ಇಟ್ಟರೆ ಮಾತ್ರ ನೆಟ್, ನಡುವೆ ಕರೆಂಟು ಬೇರೆ ಹೋಯಿತು. ಬೆಳಿಗ್ಗೆ ದೊಡ್ಡಪ್ಪ ಒಂದು ಮಾತೂ ಆಡದೆ ಹಳೆಯ ಲೆಕ್ಕದ ಪುಸ್ತಕ ಬಿಡಿಸಿ ಬರೆಯಲು ಕೂತರು. ಆ ಬೇಸರ ಇನ್ನೂ ಹೋಗಿಲ್ಲ.

ತಪ್ಪಾದದ್ದು ತಿಂಗಳುಗಳ ಹಿಂದೆ. ಸಿಎಸ್‌ವಿ ಫೈಲ್ ಓದುವ ‘ಕಸಾವಾ’ ಪ್ಯಾಕೇಜು ಬೇಕೆಂದು ‘ಕಬಾಲ್ ಇನ್‌ಸ್ಟಾಲ್ --ಲಿಬ್’ ಕೊಟ್ಟಿದ್ದೆ. ಅದು ಪ್ಯಾಕೇಜನ್ನು ಸ್ಟೋರಿಗೆ ಹಾಕಿ ಸುಮ್ಮನಾಗುವುದಿಲ್ಲ. ಹೋಮ್ ಫೋಲ್ಡರಿನ ‘.ಜಿಎಚ್‌ಸಿ’ ಒಳಗೆ, ಆ ಕಂಪೈಲರ್ ಆವೃತ್ತಿಯ ಫೋಲ್ಡರಿನಲ್ಲಿ, ‘ಎನ್ವಿರಾನ್‌ಮೆಂಟ್ಸ್’ ಕೆಳಗೆ ‘ಡೀಫಾಲ್ಟ್’ ಎಂಬ ಫೈಲಿನಲ್ಲಿ ಅದರ ಐಡಿಯನ್ನು ಹ್ಯಾಶ್ (ಗುರುತಿನ ಉದ್ದ ಸಂಕೇತ) ಸಮೇತ ಬರೆದಿಡುತ್ತದೆ; ನನ್ನ 9.2ರಲ್ಲಿ ಇದ್ದ ಜಾಗ ಇದು. ನೀವು ಯಾವ ಫೋಲ್ಡರಿನಲ್ಲಿ ಕೂತು ಜಿಎಚ್‌ಸಿ ಓಡಿಸಿದರೂ, ಅಲ್ಲಿ ಬೇರೆ ಎನ್ವಿರಾನ್‌ಮೆಂಟ್ ಫೈಲ್ ಇಲ್ಲದಿದ್ದರೆ, ಅದು ಈ ಫೈಲ್ ಓದುತ್ತದೆ. ಸ್ಟೋರಿನಲ್ಲಿ ಆ ಐಡಿ ಇಲ್ಲದಿದ್ದರೆ, ನಿಮ್ಮ ಪ್ರೋಗ್ರಾಮಿಗೆ ಕಸಾವಾ ಬೇಕೋ ಬೇಡವೋ ಕೇಳದೆ ಅಲ್ಲಿಗೇ ನಿಲ್ಲುತ್ತದೆ. ಕಂಪೈಲರ್ ತೆಗೆದರೆ ಈ ಫೈಲ್ ಹೋಗುವುದಿಲ್ಲ. ಅದೇ ಆವೃತ್ತಿ ಮತ್ತೆ ಹಾಕಿದರೆ ಅದನ್ನೇ ಓದುತ್ತದೆ. ಜಿಎಚ್‌ಸಿ ಇದನ್ನು ಮುಚ್ಚಿಟ್ಟಿರಲಿಲ್ಲ, ‘ಲೋಡೆಡ್ ಪ್ಯಾಕೇಜ್ ಎನ್ವಿರಾನ್‌ಮೆಂಟ್ ಫ್ರಮ್’ ಎಂದು ಫೈಲಿನ ದಾರಿಯನ್ನೇ ಪ್ರತಿಸಲ ಹೇಳುತ್ತಿತ್ತು. ಆ ಸಾಲನ್ನು ನಾನು ಒಂದು ದಿನವೂ ಓದಿರಲಿಲ್ಲ.

ಹಾಗಾಗಿ ಯಾವುದನ್ನು ಗ್ಲೋಬಲ್ ಆಗಿ ಇಡಬೇಕು ಎಂಬ ಪ್ರಶ್ನೆಯನ್ನೇ ಬಿಡಿ. ಯಾವುದನ್ನೂ ಇಡಬೇಡಿ. ಹತ್ತು ಸಾಲಿನ ಪ್ರೋಗ್ರಾಮಾದರೂ ಒಂದು ಕಬಾಲ್ ಫೈಲ್ ಮಾಡಿ, ಬೇಕಾದದ್ದನ್ನು ‘ಬಿಲ್ಡ್-ಡಿಪೆಂಡ್ಸ್’ನಲ್ಲಿ ಬರೆಯಿರಿ, ‘ಕಬಾಲ್ ಫ್ರೀಜ್’ ಕೊಟ್ಟು ಆವೃತ್ತಿಗಳನ್ನು ಕಟ್ಟಿಹಾಕಿ. ಜಿಎಚ್‌ಸಿ 9.2ರ ಜೊತೆ ‘ಟೆಕ್ಸ್ಟ್’ ಎಂಬ ಪ್ಯಾಕೇಜಿನ 1.2 ಆವೃತ್ತಿ ಬರುತ್ತದೆ, 9.4ರ ಜೊತೆ 2.0. ಹೆಸರು ಒಂದೇ ಆದರೂ ಕಂಪೈಲರಿಗೆ ಅವು ಹೊಸ ಚಾಲಿ, ಹಳೆ ಚಾಲಿ ಇದ್ದ ಹಾಗೆ, ಒಂದರ ರಾಶಿಗೆ ಇನ್ನೊಂದನ್ನು ಸುರಿಯಲು ಬಿಡುವುದಿಲ್ಲ.

ಈಗ ಆ ‘ಡೀಫಾಲ್ಟ್’ ಫೈಲಿನ ಹೆಸರು ಬದಲಿಸಿ ಮತ್ತೆ ಓಡಿಸಿ ನೋಡಿ. ಆಗಲೂ ನಿಂತರೆ ಜಿಎಚ್‌ಸಿ ಮೊದಲು ಹೇಳುವ ಸಾಲನ್ನು ಪೂರ್ತಿ ಇಲ್ಲಿ ಹಾಕಿ, ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇನ್ನೊಂದು ಎನ್ವಿರಾನ್‌ಮೆಂಟ್ ಫೈಲ್ ಇರಬಹುದು.